ಹಿಂದಿನ ಸಾಲಿನ ಮುದುಕ

ಡೊಂಬಿವಲಿ, ಜನವರಿ ೨೦೧೪

ನಿರ್ದೇಶಕ ಭುಜಂಗಣ್ಣನವರಿಗೆ,

"ಕಾಣದ ಕಲಾರಸಿಕರೇ, ಕುರ್ಚಿ ಕಾಯುವ ಮಹಾಜನಗಳೇ!" ನಮ್ಮ ಕನ್ನಡ ಸಂಘದ ನಾಟಕದಲ್ಲಿ ಮಂಡಿಯೂರಿ ಕಥೆ ಹೇಳುವ ಜಪಾನಿ ತರುಣನ ಹಿಂದೆ ಬೀಸಣಿಗೆ ಹಿಡಿದು ತೂಕಡಿಸುವ ಹಳೆಯ ಕಥೆಗಾರ ನಾನೇ. ಪಾತ್ರಕ್ಕೆ ಮೇಲೆ ಬರೆದ ಆ ಮಾತು ಒಂದೇ, ಮಂಡಿನೋವು ಮಾತ್ರ ಎರಡೂ ಕಾಲಿಗೆ.

ನಿನ್ನೆ ನೀವು "ಎಂಥಾ ಆಕ್ಟಿಂಗ್ ಮಾರಾಯ್ರೆ, ಗೊರಕೆ ಕೂಡ ಒರಿಜಿನಲ್!" ಎಂದು ಹೊಗಳಿ ವೇದಿಕೆಯಲ್ಲಿ ಹೇಳಲು ನನಗೂ ಒಂದು ಕಥೆ ಬರೆದುಕೊಟ್ಟಿರಿ. ದಯವಿಟ್ಟು ತೆಗೆದುಬಿಡಿ. ಕೋಪರಖೈರಣೆಯಿಂದ ಲೋಕಲ್ ರೈಲು ಬದಲಿಸಿ ರಿಹರ್ಸಲ್‌ಗೆ ನಿಂತೇ ಬರುವವನಿಗೆ ಹೊಸ ಮಾತು ಬಾಯಿಪಾಠವಾಗುವುದಿಲ್ಲ. ಇರುವ ಮಾತಿನ ಸರದಿ ಬಂದಾಗ ವೇದಿಕೆಯಲ್ಲಿ ಪಕ್ಕಕ್ಕೆ ಕೂರುವ ಸುಜನ್ ನನ್ನ ಮೊಣಕೈ ತಟ್ಟಿದರೆ ಸಾಕು.

ಭುಜಂಗಣ್ಣ, ಅದು ಆಕ್ಟಿಂಗ್ ಅಲ್ಲ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಕನ್ನಡ ಕೇಳಿಸುವುದಿಲ್ಲ. ನನಗೆ ನಿದ್ದೆ ಬರುವುದು ನಿಮ್ಮ ರಿಹರ್ಸಲ್‌ನಲ್ಲಿ ಮಾತ್ರ.

ಇಂತಿ,
ಸಂಕರ್ಷಣ