ನಕ್ಷೆಯಲ್ಲಿ ಇಲ್ಲದ ಬಾವಿ

ಕಟ್ಟಡ ವಿಭಾಗದ ಇಂಜಿನಿಯರ್ ಮಾನ್ಯರೇ,

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ಎರಡು ವರ್ಷದ ಹಿಂದೆ ತಾವು ಕಟ್ಟಿಸಿದ ಅಂಗನವಾಡಿ ಒಂದು ಹಳೆಯ ಬಾವಿಯ ಮೇಲೆ ನಿಂತಿದೆ. ಮೂರು ಅರ್ಜಿ ಬರೆದೆ. ಮೂರಕ್ಕೂ ಮೊಹರು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಬಾವಿಯ ವಿಷಯ ನಿಮಗೆ ಹೇಗಮ್ಮ ಗೊತ್ತು ಎನ್ನುತ್ತೀರಿ. ಮುಚ್ಚಿದವರು ನಾವೇ. ನಮ್ಮ ಮಾವ ಚೆನ್ನರಾಯಪ್ಪನವರು ಬತ್ತಿದ ಬಾವಿಗೆ ವರ್ಷವೆಲ್ಲ ಹಿಪ್ಪುನೇರಳೆ ಕಡ್ಡಿ, ರೇಷ್ಮೆಹುಳುವಿನ ಕಸ ತುಂಬಿ, ಮೇಲೆ ಎರಡು ಟ್ರ್ಯಾಕ್ಟರ್ ಮಣ್ಣು ಹೊಡೆಸಿದರು. ಬಾವಿ ಮುಚ್ಚಿದ ಜಾಗದಲ್ಲಿ ಮನೆ ಕಟ್ಟಬಾರದು ಎಂದು ನಾವು ಕಟ್ಟಲಿಲ್ಲ. ಊರ ಮಕ್ಕಳ ಅಂಗನವಾಡಿಗೆಂದು ದಾನ ಕೊಟ್ಟೆವು. ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ. ಕಡ್ಡಿ ಕೊಳೆಯುತ್ತದೆ, ಕೊಳೆತದ್ದು ಕುಗ್ಗುತ್ತದೆ. ಇದು ತಿಳಿಯಲು ನನ್ನ ಬಿ.ಎಸ್ಸಿ. ಕೂಡ ಬೇಕಿಲ್ಲ, ತಿಪ್ಪೆ ನೋಡಿದ್ದರೆ ಸಾಕು.

ಪಾಯ ತೆಗೆದಾಗ ಕಪ್ಪು ಮೆತ್ತನೆಯ ಮಣ್ಣು ಬಂತಂತೆ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕೆಂಬುದು ತಮ್ಮದೇ ನಿಯಮವಲ್ಲವೇ? ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದಿರೇ? ನಾನು ಕಚೇರಿಗೆ ಬಂದಾಗ ತಾವು ನಕ್ಷೆ ಹರಡಿದಿರಿ. "ನೋಡಮ್ಮ, ಎಲ್ಲಾ ಊರಿಗೂ ಒಂದೇ ಡ್ರಾಯಿಂಗ್. ಇದರಲ್ಲಿ ಬಾವಿ ಎಲ್ಲಿದೆ ತೋರಿಸು." ನನಗೆ ತೋರಿಸಲಾಗಲಿಲ್ಲ. ನಕ್ಷೆಯಲ್ಲಿ ಪಾಯ ನಾಲ್ಕಡಿ, ಆದ್ದರಿಂದ ನಾಲ್ಕಡಿಗೆ ನೆಲ ಗಟ್ಟಿಯಾಗಲೇಬೇಕಿತ್ತು. ತಪ್ಪು ನೆಲದ್ದೇ.

ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಾಗ ತಮ್ಮವರು ಬಂದು ಸಿಮೆಂಟ್ ಮೆತ್ತಿ, ಮೇಲೊಂದು ಜಿರಾಫೆಯ ಚಿತ್ರ ಬರೆಸಿದರು. "ಅಮ್ಮ, ಜಿರಾಫೆ ಕತ್ತಿಗೆ ಗಾಯ ಆಗೈತೆ" ಎನ್ನುತ್ತಾಳೆ ನಾಲ್ಕು ವರ್ಷದ ನನ್ನ ಮಗಳು ಲಾವಣ್ಯ. ನನಗೆ ಸರಿಯಾಗಿ ನಿದ್ದೆ ಬಂದು ತಿಂಗಳಾಯಿತು. ಅದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ, ಬಿಡಿ.

ಬಾವಿ ಇತ್ತೆಂದು ಬರೆದುಕೊಡಿ ಎಂದು ಮಾವನನ್ನು ಕೇಳಿದೆ. "ಗೋಡೆ ಕಲ್ಲಲ್ಲಿ ದಾನಿ ಅಂತ ನನ್ ಹೆಸ್ರು ಕೆತ್ತವ್ರೆ ಕಣಮ್ಮ. ಈಗ ಏನಂತ ಬರ್ಕೊಡ್ಲಿ?" ಎಂದು ಟವೆಲ್ ಕೊಡವಿ ಎದ್ದರು. ಅತ್ತೆ ಒಳಗಿನಿಂದಲೇ, "ಓದಿದ ಸೊಸೆ ಬೇಕು ಅಂದ್ರಲ್ಲ, ಅನುಭವಿಸಿ" ಎಂದರು.

ಮಗುವನ್ನು ಕಳಿಸಬೇಡಿ ಎಂಬುದು ತಮ್ಮ ಸಲಹೆ. ಇನ್ನೂ ಹದಿನೆಂಟು ಮಕ್ಕಳಿದ್ದಾರೆ. ಅವರ ತಾಯಂದಿರು ಬೆಳಗಾದರೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗಬೇಕು.

ನಾನು ಕೇಳುವುದು ಒಂದು ಗುಂಡಿ. ಜಿರಾಫೆ ಇರುವ ಗೋಡೆಯ ಹೊರಗೆ ಅಗೆಸಿ, ತಾವೇ ನಿಂತು ನೋಡಿ. ಅಲ್ಲಿಯವರೆಗೆ ಮಕ್ಕಳು ನಮ್ಮ ಹುಳು ಸಾಕುವ ಮನೆಯಲ್ಲಿ ಕೂರಲಿ. ಅತ್ತೆಯನ್ನು ಇನ್ನೂ ಕೇಳಿಲ್ಲ, ಕೇಳುತ್ತೇನೆ. ಆದರೆ ಕಟ್ಟಡ ಸರಿಯಿಲ್ಲವೆಂದು ತಾವು ಬರೆದುಕೊಡದೆ ಮಕ್ಕಳನ್ನು ಕದಲಿಸುವಂತಿಲ್ಲವಂತೆ.

ಸದ್ಯಕ್ಕೆ ನನ್ನ ಕೈಲಾದದ್ದು, ಬಾಗಿಲ ಪಕ್ಕದಲ್ಲೇ ಕೂರಬೇಕೆಂದು ಲಾವಣ್ಯಳಿಗೆ ಹೇಳಿಕೊಟ್ಟದ್ದು. ನಿನ್ನೆ ಟೀಚರ್ ದೂರು ಹೇಳಿದರು: "ನಿಮ್ಮ ಹುಡುಗಿ ಬಾಗಿಲ ಪಕ್ಕದ ಜಾಗಕ್ಕೋಸ್ಕರ ತನುಜಾನ ತಳ್ಳಿಬಿಟ್ಳು ಕಣ್ರೀ." ತನುಜ ಈಗ ಜಿರಾಫೆಯ ಕೆಳಗೆ ಕೂರುತ್ತಾಳೆ.

ಇಂತಿ,
ಊರಿಗೆ ಬಾವಿಯನ್ನು ದಾನ ಕೊಟ್ಟ ಮನೆಯ ಸೊಸೆ,
ಕಲ್ಯಾಣಿ