ಗಂಟೆಯವನ ಹನ್ನೊಂದು ಮಕ್ಕಳು

ಚರ್ಚಿನ ಹಿಂದಿನ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

"ಬರೆದದ್ದು ಉಳಿದೀತು, ಕರೆದದ್ದು..." ಆಮೇಲೆ ಏನು? ಬೆಳಿಗ್ಗೆಯಿಂದ ಈ ಸಾಲು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿದೆ. ಎಂ.ಎ. ಓದುವಾಗ ನಾನು ಅಡುಗೆಮನೆ ಬಾಗಿಲಿಗೆ ಒರಗಿ ಪದ್ಯ ಬಾಯಿಪಾಠ ಮಾಡುತ್ತಿದ್ದೆ, ನೀನು ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ನಾನು ಮರೆತದ್ದು ನಿನಗೆ ನೆನಪಿರುತ್ತಿತ್ತು. ಕರೆದದ್ದು ಅಳಿದೀತು ಎಂದಿತ್ತೋ, ಕರೆದದ್ದೂ ಉಳಿದೀತು ಎಂದಿತ್ತೋ? ಮೊದಲರ್ಧವನ್ನು ನಂಬಿಕೊಂಡೇ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ಅದಾದರೂ ನಿಜವೇ ಎಂದು ಈ ಊರಿಗೆ ಬಂದ ಮೇಲೆ ಅನುಮಾನ. ಗೆದ್ದಲಿಗೆ ಪದ್ಯವೂ ಒಂದೇ, ಪಟ್ಟಿಯೂ ಒಂದೇ.

ದಪ್ಪಕ್ಷರದಲ್ಲಿ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ಭೂತಗನ್ನಡಿ ಹಿಡಿದು ನೀನೇ ಓದು, ಎಷ್ಟು ದಿನ ಹಿಡಿದರೂ ಸರಿ. ತಮ್ಮನ ಕೈಗೆ ಕೊಟ್ಟು ಓದಿಸಬೇಡ. ಫೋನಿನಲ್ಲಿ ನೀನು "ಸಿಕ್ಕಿತೇನೇ?" ಎಂದಾಗಲೆಲ್ಲ "ಇನ್ನೂ ಆ ಪುಟಕ್ಕೆ ಬಂದಿಲ್ಲಮ್ಮ" ಎಂದೆ. ಫೋನಿನಲ್ಲಿ ಸುಳ್ಳು ಹೇಳುವುದು ಸುಲಭ. ಕಾಗದದ ಮೇಲೆ ನನಗೆ ಅದು ಬರುವುದಿಲ್ಲ, ರೂಢಿ ತಪ್ಪಿಹೋಗಿದೆ.

ನಿನ್ನ ಊರು ನೀನು ಹೇಳಿದಷ್ಟು ದೊಡ್ಡದಿಲ್ಲ. ಚರ್ಚು, ಒಂದು ಬೀದಿ, ಮುಚ್ಚಿದ ಶಾಲೆ, ಸೇತುವೆ. ಅಷ್ಟೇ. ಸ್ವಂತದ ಗುರುಗಳೂ ಈಗಿಲ್ಲ. ಸುತ್ತಲಿನ ಊರುಗಳಿಗೆಲ್ಲ ಒಬ್ಬರೇ, ಚಿಕ್ಕ ವಯಸ್ಸಿನವರು, ಮೋಟಾರು ಬೈಕಿನಲ್ಲಿ ಬಂದು ಪೂಜೆ ಮುಗಿಸಿ, ಹೆಲ್ಮೆಟ್ಟಿನೊಳಗಿನಿಂದಲೇ ಆಶೀರ್ವಾದ ಮಾಡಿ ಹೊರಟುಬಿಡುತ್ತಾರೆ. ನೋಡಿಕೊಳ್ಳುವವರಿಲ್ಲದ್ದರಿಂದ ಚರ್ಚಿನ ಪುಸ್ತಕಗಳೂ ಊರು ಬಿಡಬೇಕಾಗಿದೆ. ಮಕ್ಕಳ ಜ್ಞಾನಸ್ನಾನ, ಮದುವೆ, ಮಣ್ಣು: ಒಂದು ಊರಿನ ಬಾಳೆಲ್ಲ ಮೂರು ಕಪಾಟಿನಲ್ಲಿದೆ. ಅವನ್ನು ಒಣಗಿಸಿ, ತೇಪೆ ಹಾಕಿ, ಪುಟಪುಟದ ಚಿತ್ರ ತೆಗೆದು ನಗರದ ದಾಖಲೆ ಭಂಡಾರಕ್ಕೆ ಕಳಿಸುವುದು ನನ್ನ ಕೆಲಸ. ನೆನೆದು ಒಣಗಿದ ಹಾಳೆ ಈರುಳ್ಳಿ ಸಿಪ್ಪೆಯ ಹಾಗೆ. ಸೀನು ಬಂದರೆ ಎದ್ದು ಆಚೆ ಓಡಬೇಕು. ಚರ್ಚಿನ ಗುಮಾಸ್ತ ಇದನ್ನು ನೋಡಿ, "ನೀವು ಮಕ್ಕಳನ್ನ ಇಷ್ಟು ನಾಜೂಕಾಗಿ ಸಾಕಿದ್ರಾ ಮೇಡಂ?" ಎಂದು ಕೇಳಿದ. ಇಲ್ಲಪ್ಪಾ, ಅವುಗಳನ್ನು ದರದರ ಎಳೆದೇ ಬೆಳೆಸಿದ್ದು ಎಂದೆ.

ಗೋಪುರ ಇದೆ. ಗಂಟೆಯ ಹಗ್ಗದ ಬದಲು ಗೋಡೆಯ ಮೇಲೊಂದು ಸ್ವಿಚ್ಚು. ತಾತ ಇರುತ್ತಿದ್ದ ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚು, ಪೊರಕೆ. ಹಗ್ಗಕ್ಕೆ ಜೋತುಬಿದ್ದರೆ ಕಾಲು ನೆಲ ಬಿಡುತ್ತಿತ್ತು ಎಂದು ನೀನು ಹೇಳುತ್ತಿದ್ದ ಜಾಗದಲ್ಲಿ ನಿಂತು ನೋಡಿದೆ. ಅವರು ಕಾಲೂರಿ ಎಳೆದೂ ಎಳೆದೂ ಕಲ್ಲು ಬಟ್ಟಲಿನಂತೆ ಸವೆದಿದೆ. ನನ್ನ ಹಿಮ್ಮಡಿ ಅದರಲ್ಲಿ ಸರಿಯಾಗಿ ಕೂತಿತು. ಚಿಕ್ಕವಳಿದ್ದಾಗ ಕೇಳಿದ್ದೆ, ನೆನಪಿದೆಯಾ, ತಾತ ಯಾಕೆ ಅಜ್ಜಿಯ ಮನೆಯಲ್ಲಿ ಇರುತ್ತಿರಲಿಲ್ಲ ಎಂದು. "ಗಂಟೆ ಬಿಟ್ಟು ಬರೋಕಾಗಲ್ಲ ಕಣೇ, ಅದಕ್ಕೆ" ಎಂದಿದ್ದೆ ನೀನು. ನನಗೆ ಅಷ್ಟು ಸಾಕಾಗಿತ್ತು. ನಲವತ್ತೆಂಟು ತುಂಬುವವರೆಗೂ ಸಾಕಾಗಿತ್ತು.

ಅವರ ಸಮಾಧಿ ಗೋಪುರದ ನೆರಳು ಬೀಳುವ ಕಡೆ ಇದೆ. ಎಡಕ್ಕೆ ಒಬ್ಬರು ಮಲಗುವಷ್ಟು ನೆಲ ಖಾಲಿ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ದಿನ, ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನೀನು ಹೇಳಿದೆಯಲ್ಲ, "ನನ್ನನ್ನ ಆ ಗೋಡೆ ಕಪಾಟಿಗೆ ತುರುಕಬೇಡ್ರೇ, ಅಪ್ಪನ ಪಕ್ಕ ಮಲಗಿಸಿ" ಅಂತ. ತಮ್ಮ ನಗರದ ಸ್ಮಶಾನದಲ್ಲಿ ನೋಡಿಟ್ಟದ್ದು ನಿಜಕ್ಕೂ ಕಪಾಟೇ, ಗೋಡೆಯಲ್ಲಿ ಒಂದರ ಮೇಲೊಂದು ಶವಪೆಟ್ಟಿಗೆಯ ಗೂಡು. ಜೀವಮಾನವೆಲ್ಲ ಕಪಾಟುಗಳ ನಡುವೆ ಇರುವ ನನಗೇ ಅದನ್ನು ಕಂಡು ಉಸಿರು ಕಟ್ಟಿತು. ಈ ಊರಿನ ಸ್ಮಶಾನವೋ, ಹೊಸಬರಿಗೆ ಮುಚ್ಚಿದೆ. ಅಲ್ಲಿ ಮಲಗಿದವರ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ ಅವಕಾಶ. ಅಜ್ಜಿಯ ಮಣ್ಣು ನಗರದಲ್ಲಾಯಿತಲ್ಲ, ಹಾಗಾಗಿ ನಿನಗಿರುವ ದಾರಿ ತಾತನೊಬ್ಬರೇ. ಮಕ್ಕಳು ಎನ್ನುವುದಕ್ಕೆ ಜ್ಞಾನಸ್ನಾನದ ಪುಸ್ತಕದ ಪುಟವೇ ಸಾಕ್ಷಿ. ಅದಕ್ಕೇ ಈ ಊರಿನ ಕೆಲಸವನ್ನೇ ನಾನು ಕೇಳಿ ಪಡೆದದ್ದು. ಭಂಡಾರದಲ್ಲಿ ಯಾರಿಗೂ ಕಾರಣ ಹೇಳಲಿಲ್ಲ.

ಬಂದ ದಿನವೇ ಎದುರುಮನೆಯ ಟೈಲರಜ್ಜಿ ಕತ್ತರಿ ಹಿಡಿದುಕೊಂಡೇ ಬೀದಿ ದಾಟಿ ಬಂದರು. "ಯಾರ ಪೈಕಿ?" ಎಂದರು. ಗಂಟೆಯವರ ಮೊಮ್ಮಗಳು ಎಂದೆ, ನಿನ್ನ ಹೆಸರನ್ನೂ ಹೇಳಿದೆ. "ಅಯ್ಯೋ, ಆ ಮೆಣಸಿನಕಾಯಿ ಮಗಳಾ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ನೀನು ನನಗೂ ಮಗಳೇ ಬಿಡು" ಎಂದರು. ಮುದುಕರ ಅಕ್ಕರೆಯ ಮಾತು ಎಂದುಕೊಂಡೆ. ನಿನಗೆ ಆ ಅಡ್ಡಹೆಸರಿತ್ತು ಎಂದು ನೀನು ಯಾವತ್ತೂ ಹೇಳಿರಲಿಲ್ಲ, ಕಳ್ಳಿ.

ಪುಟ ಮರುದಿನವೇ ಸಿಕ್ಕಿತು. ಇಲ್ಲಿರುವುದು ಮೂಲ ಪುಸ್ತಕವಲ್ಲ. ಚಾವಣಿ ಸೋರಿ ಮೂಲ ಕೊಳೆಯತೊಡಗಿದಾಗ, ನಿನಗೆ ಒಂಬತ್ತು ವರ್ಷವಿದ್ದ ಕಾಲದಲ್ಲಿ, ಆಗಿನ ಹಿರಿಯ ಗುರುಗಳು ತಮ್ಮ ಗುಂಡನೆಯ ಅಕ್ಷರದಲ್ಲಿ ಪೂರ್ತಿ ತಿರುಗಿ ಬರೆದ ಪುಸ್ತಕ. ನಿನ್ನ ಹೆಸರು, ಅಜ್ಜಿಯ ಹೆಸರು, ತಂದೆಯ ಕಾಲಮಿನಲ್ಲಿ ತಾತನ ಹೆಸರು. ಕಣ್ಣೀರು ಹಾಳೆಯ ಮೇಲೆ ಬೀಳಬಾರದೆಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಪುಟ ತಿರುಗಿಸಿದೆ. ತಾಯಿಯ ಹೆಸರು ಬೇರೆ, ತಂದೆ ಮತ್ತೆ ತಾತ. ಇನ್ನೊಂದು ಪುಟ, ಮತ್ತೊಬ್ಬ ತಾಯಿ, ಮತ್ತೆ ತಾತ. ಅಮ್ಮ, ಮೊದಲು ಬಂದದ್ದು ಸಿಟ್ಟು. ಅಜ್ಜಿಯ ಪರವಾಗಿ ಮೈಯೆಲ್ಲ ಉರಿಯಿತು.

ಗುಮಾಸ್ತನನ್ನು ಕೇಳಿದರೆ ಹೊಟ್ಟೆ ಹಿಡಿದು ನಕ್ಕ. "ಮದುವೆನೇ ಆಗದ ಮನುಷ್ಯ ಮೇಡಂ ಆತ. ಹೆಂಡತಿ ಇಲ್ಲ, ಮಕ್ಕಳು ಹನ್ನೊಂದು! ಇಂಥ ಸಂಸಾರ ಯಾರಿಗುಂಟು? ಹನ್ನೊಂದು ಮದುವೆಗೂ ಒಂದೇ ಕೋಟು ಹಾಕ್ಕೊಂಡು ಹೋಗಿದ್ನಂತೆ. ಇದು ಗೊತ್ತಿಲ್ಲದೆ ಇರೋರು ಅಂದ್ರೆ ನೀವೊಬ್ರು, ಬಿಷಪ್ಪರ ಆಫೀಸು ಇನ್ನೊಂದು." ಸೇತುವೆ ಕಟ್ಟಲು ಬಂದ ಗಂಡಸರು ಕೆಲವು ವರ್ಷ ಇಲ್ಲೇ ಡೇರೆ ಹಾಕಿಕೊಂಡಿದ್ದರಂತೆ. ಕೆಲಸ ಮುಗಿಯಿತು, ಹೋದರು. ಸೇತುವೆ ಉಳಿಯಿತು, ಮಕ್ಕಳೂ ಉಳಿದರು. ಹಿರಿಯ ಗುರುಗಳು ಮನಸ್ಸು ಕರಗಿ, ತಿರುಗಿ ಬರೆಯುವಾಗ ಎಲ್ಲ ಮಕ್ಕಳಿಗೂ ಗಂಟೆಯವನ ಹೆಸರು ಕೊಟ್ಟುಬಿಟ್ಟರು ಎನ್ನುವುದು ಊರಿನ ಮಾತು.

ಟೈಲರಜ್ಜಿಯ ಹೆಸರೂ ಆ ಹನ್ನೊಂದರಲ್ಲಿದೆ. "ನನಗೂ ಮಗಳೇ" ಎಂದದ್ದು ಯಾಕೆಂದು ತಿಳಿದ ಮೇಲೆ ಅವರ ಮುಖ ನೋಡಲು ಸಂಕೋಚವಾಗಿ, ಬೀದಿಗೆ ಹೋಗುವುದನ್ನೇ ಕಮ್ಮಿ ಮಾಡಿದೆ.

ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ನಿನ್ನ ಪುಟದ ಚಿತ್ರ ಕಳಿಸಿಬಿಡುತ್ತಿದ್ದೆ. ಆದರೆ ಹಳ್ಳಿಯ ಪುಸ್ತಕದಲ್ಲಿ ಬರೆದದ್ದರ ನಕಲನ್ನು ಪ್ರತಿ ವರ್ಷ ಬಿಷಪ್ಪರ ಕಚೇರಿಗೆ ಕಳಿಸುವ ಪದ್ಧತಿಯಿತ್ತು. ನೀನು ಹುಟ್ಟಿದ ಆಸುಪಾಸಿನ ವರ್ಷಗಳ ಹಾಳೆಗಳು ಅಲ್ಲಿ ಒಣಗಿಕೊಂಡು, ಹುಳ ಮುಟ್ಟದೆ ಹಾಗೇ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕು, ವ್ಯತ್ಯಾಸವಿದ್ದಲ್ಲಿ ಹಳ್ಳಿಯ ಪುಸ್ತಕದ ಅಂಚಿನಲ್ಲಿ ಗುರುತು ಬರೆಯಬೇಕು. ಇದು ನಾನೇ ಕುಳಿತು ಮಾಡಿದ ನಿಯಮ. ಆ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ, ತಂದೆಯ ಕಾಲಮಿನಲ್ಲಿ, ಒಂದು ಅಡ್ಡಗೆರೆ ಇದೆ. ಬಹಳ ನೇರವಾದ ಗೆರೆ. ಅಡಿಪಟ್ಟಿ ಇಟ್ಟು ಎಳೆದದ್ದು.

ಗುರುಗಳ ಹತ್ತಿರ ಹೋದೆ. ಪಾಪ, ಒಳ್ಳೆಯ ಹುಡುಗ. ಹೆಲ್ಮೆಟ್ ಕಳಚಿಟ್ಟು ಪೂರ್ತಿ ಕೇಳಿಸಿಕೊಂಡರು. "ಅಕ್ಕಾ, ನನ್ನ ಕೈಯಲ್ಲಿರೋದು ಸಹಿ ಒಂದೇ. ಅಂಚಲ್ಲಿ ಗುರುತು ಬಿದ್ದ ಮೇಲೆ ಮಗಳು ಅಂತ ನಾನು ಬರೆದುಕೊಡೋ ಹಾಗಿಲ್ಲ" ಎಂದರು. ತಾತ ತಾನಾಗಿ ಬಂದು, ಆಗಿನ ಗುರುಗಳ ಮುಂದೆ ನಾನೇ ತಂದೆ ಎಂದು ಒಪ್ಪಿಕೊಂಡಿದ್ದರೆ ಮಾತು ಬೇರೆಯಂತೆ, ಆಗ ಹೆಸರು ನಿಲ್ಲಬಹುದಂತೆ. "ಆದ್ರೆ ಅದನ್ನ ಕಿವಿಯಾರೆ ಕೇಳಿದವರು ಬೇಕಲ್ಲ. ಯಾರನ್ನ ಕೇಳೋಣ? ಎಲ್ರೂ ಅಲ್ಲೇ ಇದಾರೆ" ಎಂದು ಕಿಟಕಿಯಾಚೆಯ ಸಮಾಧಿಗಳ ಕಡೆ ಕೈ ತೋರಿಸಿದರು.

ಅಮ್ಮ, ಇಲ್ಲಿಯವರೆಗೆ ಬರೆಯಬೇಕು, ಬರೆಯಬೇಕು ಎಂದೇ ಹೇಳಿಕೊಂಡು ಬಂದೆ. ಬರೆದಾಯಿತು. ಇವತ್ತು ಬೆಳಿಗ್ಗೆ. ಉಳಿದ ಹತ್ತು ಮಕ್ಕಳ ಪುಟಗಳನ್ನು ಮೊದಲು ಮುಗಿಸಿದೆ. ನಿನ್ನದನ್ನು ಕೊನೆಗೆ ಇಟ್ಟುಕೊಂಡಿದ್ದೆ. "ತಂದೆಯ ಹೆಸರು ಹಿಂದಿನ ಪ್ರತಿಯಲ್ಲಿ ಇಲ್ಲ." ಅಷ್ಟೇ ಮಾತು, ಕೆಳಗೆ ನನ್ನ ಸಹಿ. ಬೇರೆಯವರ ಕೈಯಲ್ಲಿ ಬರೆಸಬಹುದಿತ್ತು. ಆ ಪುಟ ಹರಿದುಹೋಗಿತ್ತು ಎನ್ನಬಹುದಿತ್ತು, ಒಂದು ಹನಿ ನೀರು ಸಾಕಿತ್ತು. ಆದರೆ ಹಿಂದೆ ಇನ್ನೊಂದು ಊರಿನಲ್ಲಿ ಒಬ್ಬ ಬಡಗಿ, ತನ್ನ ತಾಯಿಯ ಹೆಸರಿನ ಪಕ್ಕ ಇಂಥದೇ ಗುರುತು ಬರೆಯಬೇಡಿ ಎಂದು ಕೈ ಮುಗಿದಿದ್ದ. ಆಗುವುದಿಲ್ಲ ಎಂದಿದ್ದೆ. ಅವನು ಜಗಳವಾಡಲಿಲ್ಲ. ನನ್ನ ಮೇಜಿನ ಕುಂಟುವ ಕಾಲಿಗೆ ಒಂದು ಚಕ್ಕೆ ಸಿಕ್ಕಿಸಿ ಸರಿಮಾಡಿ ಹೋದ. ಅವನ ತಾಯಿಗೊಂದು ನ್ಯಾಯ, ನನ್ನ ತಾಯಿಗೊಂದು ಎಂದರೆ, ನಾನು ಇದುವರೆಗೆ ಸಹಿ ಹಾಕಿದ ಪುಟಗಳಲ್ಲಿ ಯಾವುದನ್ನು ಯಾರು ನಂಬಬೇಕು?

ಇದೆಲ್ಲ ಸರಿಯಾದ ಮಾತು. ಸರಿಯಾದ ಮಾತಿನಿಂದ ನಿನಗೆ ಮೂರು ಮೊಳ ಮಣ್ಣು ಸಿಗುವುದಿಲ್ಲ.

ಇನ್ನೊಂದು ವಿಷಯ ಕೇಳಬೇಕು. ಕೇಳುವ ಧೈರ್ಯವಿಲ್ಲದೆ ಪುಟಗಟ್ಟಲೆ ಸುತ್ತು ಹೊಡೆದೆ. ನಿನಗೆ ಇದು ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ, ಎಪ್ಪತ್ತು ವರ್ಷ ಅಪ್ಪ ಎಂದು ಕರೆದವನನ್ನು ಈ ಕಾಗದದ ಮೂಲಕ ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ, ಅದೂ ಇಂಥ ಹೊತ್ತಿನಲ್ಲಿ. ಗೊತ್ತಿದ್ದರೆ, ನನಗೆ ಯಾಕೆ ಹೇಳಲಿಲ್ಲ? ಕನಸಿನಲ್ಲಿ ನಿನ್ನ ಹಾಸಿಗೆಯ ಪಕ್ಕ ಕೂತು ಕೇಳಿದೆ. ನೀನು ಗೋಡೆಯ ಕಡೆ ಹೊರಳಿ ಮಲಗಿದೆ.

ಭಾನುವಾರ ಬರುತ್ತೇನೆ. ಅಷ್ಟರೊಳಗೆ ಈ ಪತ್ರ ನಿನ್ನನ್ನು ತಲುಪಿರುತ್ತದೆ. ಬಾಗಿಲಿಗೆ ಬಂದಾಗ ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲದಿದ್ದರೆ ಕಣ್ಣು ಮುಚ್ಚಿಕೊಂಡಿರು, ನಿದ್ದೆ ಬಂದಿದೆ ಎಂದುಕೊಂಡು ಕಾಲ ಬಳಿ ಕೂತಿರುತ್ತೇನೆ. ಎರಡು ತುತ್ತಾದರೂ ತಿನ್ನು. ತಮ್ಮನ ಮೇಲೆ ರೇಗಬೇಡ, ಅವನಿಗೂ ನಿನ್ನನ್ನು ಬಿಟ್ಟರೆ ಇನ್ಯಾರು?

ಬೆರಳಿಗೆ ಹತ್ತಿದ ಮಸಿ ತೊಳೆದರೂ ಹೋಗದ,
ನಿನ್ನ ಮಗಳು

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಟೈಲರಜ್ಜಿ ಬಾಗಿಲು ತಟ್ಟಿದರು. ಗುಮಾಸ್ತನ ಬಾಯಲ್ಲಿ ಮಾತು ನಿಲ್ಲುತ್ತದೆಯೇ, ನಾನು ಬರೆದದ್ದು ಆಗಲೇ ಬೀದಿಗೆಲ್ಲ ಗೊತ್ತಾಗಿದೆ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸ್ತಿಲಾಚೆಯೇ ಚೌಕಟ್ಟು ಹಿಡಿದುಕೊಂಡು ನಿಂತರು. "ಖಾಲಿ ಇತ್ತು ಅಂತ ಬರೆದೆಯಂತೆ?" ಎಂದರು. ಹೌದಜ್ಜಿ ಎಂದೆ. "ಇತ್ತು. ಸುಳ್ಳೇನಲ್ಲ. ಆಮೇಲೆ?"

ಆಮೇಲಿನದನ್ನು ಅವರೇ ಹೇಳಿದರು. ಹಿರಿಯ ಗುರುಗಳು ಶಾಲೆಯ ಜಗುಲಿಯಲ್ಲಿ ಕೂತು ಹಳೆಯ ಪುಸ್ತಕ ನೋಡಿ ಹೊಸದಕ್ಕೆ ಬರೆಯುತ್ತಿದ್ದಾಗ ಮಕ್ಕಳೆಲ್ಲ ಮುತ್ತಿಕೊಂಡಿದ್ದಿರಂತೆ. ನೀನು ನಿನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, ಇಲ್ಲೇನೂ ಇಲ್ಲವಲ್ಲ ಎಂದೆಯಂತೆ. ನೀನು ದಡಕ್ಕನೆ ಎದ್ದು ಗೋಪುರ ಹತ್ತಿದೆ, ಟೈಲರಜ್ಜಿ ನಿನ್ನ ಹಿಂದೆ. ಅಲ್ಲಿ ತಾತ ಗಂಟೆಗೆ ಎಣ್ಣೆ ಬಿಡುತ್ತಿದ್ದ. "ನನಗೆ ಅಪ್ಪ ಆಗ್ತೀಯಾ? ಪುಸ್ತಕದಲ್ಲಿ ಜಾಗ ಖಾಲಿ ಇದೆ" ಎಂದೆಯಂತೆ. ಆತ ಎಣ್ಣೆಗೈ ಒರೆಸಿಕೊಂಡು, ನಿನ್ನ ಕೈ ಹಿಡಿದು ಇಳಿದು ಬಂದು, "ಬರ್ಕೊಳ್ಳಿ ಸ್ವಾಮಿ, ನಾನೇ" ಎಂದನಂತೆ. ಹಿಂದಿನಿಂದ ಟೈಲರಜ್ಜಿ "ನನಗೂ" ಎಂದರಂತೆ. ಉಳಿದವರು ಮಾರನೆಯ ದಿನ ಸಾಲು ನಿಂತರಂತೆ.

ಇದನ್ನು ಯಾರಾದರೂ ಕೇಳಿಸಿಕೊಂಡರೇ ಎಂದು ಕೇಳಿದೆ. "ನಾನು ಕೇಳಿಸಿಕೊಂಡಿದೀನಲ್ಲ, ಸಾಲದಾ? ಆ ಹೆಲ್ಮೆಟ್ ಹುಡುಗನ್ನ ಕರಿ, ಹೇಳ್ತೀನಿ" ಎಂದರು.

ಪತ್ರ ಹರಿದು ಬೇರೆ ಬರೆಯಬಹುದಿತ್ತು. ಬರೆದದ್ದನ್ನು ಹರಿಯುವುದು ನನಗೆ ಬರುವುದಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಅಜ್ಜಿ ಮೆಟ್ಟಿಲಿಳಿದವರು ತಿರುಗಿ ನಿಂತು ಇಷ್ಟು ಹೇಳಿ ಹೋದರು: "ಎಲ್ರಿಗೂ ಅಪ್ಪ ಸುಮ್ನೆ ಸಿಗ್ತಾನೆ ಕಣೇ. ನಿಮ್ಮಮ್ಮ ಹೋಗಿ ಕೇಳಿ ತಗೊಂಡ್ಲು. ಅದನ್ನೂ ಬರಿ, ಜಾಗ ಇದ್ರೆ."