ಕಂಬದ ಹತ್ತಿರದ ಚಪ್ಪಲಿ

ರುದ್ರ,

ಮಾವ ಬೆಳಿಗ್ಗೆ ಹೋಗಿಬಿಟ್ಟರು. ಫ್ಯಾಕ್ಟರಿ ಗೇಟಲ್ಲಿ ನಿನ್ನ ಫೋನು ಇಸ್ಕೊಂಡಿರ್ತಾರೆ, ಆಫೀಸಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ಅದಕ್ಕೇ ಈ ಚೀಟಿ.

ಕೆಳಗೆ ಪಾರ್ಕಿಂಗಲ್ಲಿ, ನಿನ್ನ ಕಾರು ನಿಲ್ಲೋ ಜಾಗದಲ್ಲೇ ಬಿದ್ದಿದ್ದರು. ನೀನು ಕಾರು ತೆಗೆದ ಮೇಲೆ ದಿನಾ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದರು. ನಿನಗೆ ಗೊತ್ತಿರಲಿಕ್ಕಿಲ್ಲ.

ಲಾಬಿಯಲ್ಲಿ ಒಂದು ಗಳಿಗೆ ಕೂರಿಸಲೂ ಕಮಿಟಿಯವರು ಬಿಡಲಿಲ್ಲ, ಮಕ್ಕಳು ಹೆದರುತ್ತಾರಂತೆ. ಕೆಂಪಾಪುರಕ್ಕೆ ಕರೆದುಕೊಂಡು ಹೋಗ್ತಿದ್ದೀವಿ. ನಮ್ಮಪ್ಪ ಹೊಲದ ಮೂಲೆಯಲ್ಲಿ ಜಾಗ ಕೊಟ್ಟಿದ್ದಾರೆ. ಅಷ್ಟು ದೊಡ್ಡ ತೋಟ ಇದ್ದವರು ಬೀಗರ ಮಣ್ಣಿಗೆ ಹೋಗೋ ಹಾಗಾಯಿತು.

ತೋಟ ಬಿಲ್ಡರಿಗೆ ಬರೆದುಕೊಡುವಾಗ ಅವರು ಕೇಳಿದ್ದು ಒಂದೇ: "ನಿಮ್ಮವ್ವನ ಸಮಾಧಿ ಪಕ್ಕ ನಂಗೂ ಒಸಿ ಜಾಗ ಬುಡಿಸ್ಕಳ್ಲಾ."

"ಆಮೇಲೆ ನೋಡ್ಕಳನ ಬುಡಪ್ಪ" ಅಂದೆ ನೀನು. ನಾವೂ ಬಾಯಿ ಮುಚ್ಚಿಕೊಂಡು ಫ್ಲ್ಯಾಟು ತಗೊಂಡೆವು.

ದೇವರಮನೆಯಲ್ಲಿರೋ ವಿಭೂತಿ ಗಟ್ಟಿಗಳನ್ನೆಲ್ಲ ತಾ. ಒಲೆ ಹಚ್ಚಬೇಡ. ದಾರಿಯಲ್ಲಿ ಎರಡು ತಟ್ಟೆ ಇಡ್ಲಿ ತಿನ್ನು, ಖಾಲಿ ಹೊಟ್ಟೆಯಲ್ಲಿ ಗಾಡಿ ಓಡಿಸಬೇಡ. ನೀನು ಬರೋವರೆಗೂ ಮಣ್ಣು ಮಾಡಲ್ಲ.

ಅತ್ತೆ ಸಮಾಧಿಯ ಒಂದು ಹಿಡಿ ಮಣ್ಣಾದರೂ ಮಾವನ ಜೊತೆ ಹಾಕೋಣ ಅಂತ ನಿಮ್ಮಣ್ಣ ಹಾರೆ ತಗೊಂಡು ಹೋಗಿದ್ದರು. ಕಾಂಕ್ರೀಟು ಒಂದು ಚೂರೂ ಏಳಲಿಲ್ಲ.

ಮಾವನ ಚಪ್ಪಲಿ ಕಂಬದ ಹತ್ತಿರ ಹಾಗೇ ಇವೆ, ಅವನ್ನೂ ತಾ.

ನೀನು ಇದನ್ನು ಓದೋ ಹೊತ್ತಿಗೆ ಕಾರು ಅಲ್ಲೇ ನಿಲ್ಲಿಸಿ ಬಂದಿರ್ತೀಯ. ಮೊದಲು ಇಳಿದುಹೋಗಿ ಅದನ್ನು ನಿಮ್ಮವ್ವನ ಮೇಲಿಂದ ತೆಗಿ.

ಅತ್ತಿಗೆ